ಹುಷಾರಮ್ಮನ ಅತ್ತೆ ಬಿದ್ದದ್ದು ಹೇಗೆ

ಆಕೆ ಕಚೇರಿಯ ಬಾಗಿಲು ದಾಟಿದರೆ ಸಾಕು, ಗುಮಾಸ್ತರು ನೆಲದ ಮೇಲೆ ಬಿದ್ದಿದ್ದ ವೈರನ್ನು ಕಾಲಿನಿಂದ ಮೇಜಿನಡಿಗೆ ತಳ್ಳುತ್ತಿದ್ದರು. "ಹುಷಾರಮ್ಮ ಬಂದ್ರು" ಎಂಬ ಪಿಸುಮಾತು ಆಕೆಗಿಂತ ಮುಂದೆ ನಡೆಯುತ್ತಿತ್ತು. ಆ ಹೆಸರು ಯಾರಿಟ್ಟರೋ ಗೊತ್ತಿಲ್ಲ. ಆಕೆಯ ಕಿವಿಗೂ ಅದು ಬಿದ್ದಿತ್ತು, ಬೇಸರವೇನೂ ಇರಲಿಲ್ಲ.

ಹುಷಾರಮ್ಮನ ಕೆಲಸ ಹೇಳಲು ಸುಲಭ, ಮಾಡಲು ತಲೆನೋವು. ನಮ್ಮ ಪ್ರದೇಶದ ಜನ ಬೀಳುವುದು, ಸುಟ್ಟುಕೊಳ್ಳುವುದು, ನೀರಲ್ಲಿ ಮುಳುಗುವುದು ಕಡಿಮೆಯಾಗಬೇಕು. ಅದಕ್ಕಾಗಿ ರಸ್ತೆಯವರು, ನೀರಿನವರು, ಶಾಲೆಯವರು, ಆಸ್ಪತ್ರೆಯವರು ಎಲ್ಲರನ್ನೂ ಒಟ್ಟಿಗೆ ಕೂರಿಸಿ ಒಂದೇ ಯೋಜನೆ ಮಾಡಿಸಬೇಕು. ಕೂರಿಸಲು ಸಿಕ್ಕಿದ್ದು ಆರೋಗ್ಯ ಕಚೇರಿಯ ಹಿಂದಿನ ಹಳೇ ಉಗ್ರಾಣ. ಕುರ್ಚಿಗಳನ್ನು ಒಂದೊಂದು ಇಲಾಖೆಯಿಂದ ಕಾಡಿ ಬೇಡಿ ತಂದಿದ್ದರಿಂದ ಒಂದರ ಹಾಗೆ ಇನ್ನೊಂದಿರಲಿಲ್ಲ. ಕೂತವರೂ ಹಾಗೆಯೇ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಗಾದೆಯನ್ನು ಕಣ್ಣಾರೆ ನೋಡಬೇಕೆನ್ನುವವರು ಆ ಉಗ್ರಾಣಕ್ಕೆ ಬರಬೇಕಿತ್ತು.

ನಾನು ಆ ಸಮಿತಿಗೆ ಅಗ್ನಿಶಾಮಕ ದಳದಿಂದ ಹೋಗುತ್ತಿದ್ದವನು. ಬೆಂಕಿ ಹತ್ತಿದ ಮೇಲೆ ಓಡುವವರು ನಾವು. ಹತ್ತದಿರಲಿ ಎಂದು ಕೂತು ಮಾತಾಡುವುದು ಯಾವ ಸೀಮೆಯ ಕೆಲಸ ಎಂದು ಗೊಣಗುತ್ತಲೇ ಹೋದೆ. ಹೋಗುತ್ತಾ ಹೋಗುತ್ತಾ ಆಕೆಯ ಕುತೂಹಲ ನನಗೂ ಅಂಟಿಕೊಂಡಿತು.

ಆಕೆ ಮೂಳೆ ವಾರ್ಡಿನಲ್ಲಿ ಹಾಸಿಗೆಯಿಂದ ಹಾಸಿಗೆಗೆ ಹೋಗುವುದನ್ನು ನೋಡಬೇಕು. "ಹೇಗೆ ಬಿದ್ರಿ?" ಎಂದು ಯಾರನ್ನೂ ಕೇಳುತ್ತಿರಲಿಲ್ಲ. ಹಾಗೆ ಕೇಳಿದರೆ ಎಲ್ಲರದೂ ಒಂದೇ ಉತ್ತರ, "ಕಾಲು ಜಾರ್ತು." ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ! ಆಕೆ ಕೇಳುತ್ತಿದ್ದದ್ದು, "ಬೀಳೋ ಹೊತ್ತಿಗೆ ಕೈಯಲ್ಲಿ ಏನಿತ್ತು?" ಜನ ಕೊಂಚ ತಡವರಿಸುತ್ತಿದ್ದರು, ಆಮೇಲೆ ನಿಜ ಹೊರಬರುತ್ತಿತ್ತು. ಕ್ಷೌರದಂಗಡಿಯವನು ಹೊಸ ಕನ್ನಡಿ ಹೊತ್ತು ಮೆಟ್ಟಿಲಿಳಿಯುತ್ತಾ ತನ್ನ ಮುಖವನ್ನೇ ನೋಡಿಕೊಳ್ಳುತ್ತಿದ್ದನಂತೆ. ಶಾಲೆಯ ದೊಡ್ಡ ಟೀಚರು ಗಲ್ಲದವರೆಗೆ ಪುಸ್ತಕ ಪೇರಿಸಿಕೊಂಡಿದ್ದರಂತೆ, ತಮ್ಮ ಕಾಲು ತಮಗೇ ಕಾಣುತ್ತಿರಲಿಲ್ಲ.

ವಯಸ್ಸಾದವರು ಹೆಚ್ಚು ಬೀಳುವುದು ಬಚ್ಚಲಲ್ಲಿ ಎಂದು ಹೀಗೆ ಕೇಳಿ ಕೇಳಿಯೇ ತಿಳಿಯಿತು. ಸಮಿತಿ ಒಂದು ಬಡಾವಣೆಯ ಹಿರಿಯರಿಗೆಲ್ಲ ಕಾಲು ಜಾರದ ರಬ್ಬರ್ ಮ್ಯಾಟ್ ಹಂಚಿತು. ಹಸಿರು ಬಣ್ಣ, ಮೇಲೆ ಎಲೆಗಳ ಚಿತ್ತಾರ, ನೋಡಲು ಬಲು ಚೆಂದ. ಬೀಳುವವರು ಕಡಿಮೆಯಾದರೆ ಇಡೀ ಪ್ರದೇಶಕ್ಕೆ ಮ್ಯಾಟು, ಇಲ್ಲವಾದರೆ ಸಮಿತಿಗೇ ಬೀಗ ಎಂದು ಮೇಲಧಿಕಾರಿ ಹೇಳಿಬಿಟ್ಟಿದ್ದರು.

ಮಳೆಗಾಲ ಕಳೆಯಿತು. ಮ್ಯಾಟು ಕೊಟ್ಟ ಬಡಾವಣೆಯವರೂ ಕೊಡದ ಬಡಾವಣೆಯವರಷ್ಟೇ ಬೀಳುತ್ತಿದ್ದರು. ನಾವು ಉಗ್ರಾಣದಲ್ಲಿ ಮ್ಯಾಟು ಹಾಸಿ, ಸೋಪಿನ ನೀರು ಸುರಿದು, ನಿಂತು ನೋಡಿದೆವು, ಕುಣಿದೂ ನೋಡಿದೆವು. ಯಾರೂ ಜಾರಲಿಲ್ಲ. ಮನೆಮನೆಗೆ ಹೋಗಿ ಬಂದ ಆರೋಗ್ಯ ಕಾರ್ಯಕರ್ತೆಯರು ಎಲ್ಲ ಬಚ್ಚಲಲ್ಲೂ ಮ್ಯಾಟು ಕಂಡಿದ್ದರು.

"ಮ್ಯಾಟ್ ಚೆನ್ನಾಗೇ ಇದೆ ಬಿಡಿ, ಜನಾನೇ ಸರಿ ಇಲ್ಲ," ಎಂದರು ರಸ್ತೆ ಇಂಜಿನಿಯರು.

ಹುಷಾರಮ್ಮ ನಗಲಿಲ್ಲ. ಸಮಿತಿ ಮುಚ್ಚಿದರೆ ಆಕೆ ಮತ್ತೆ ಕಡತಗಳ ಮೇಜಿಗೆ ಹೋಗಬೇಕಿತ್ತು. ಅದನ್ನಾದರೂ ಸಹಿಸುತ್ತಿದ್ದರೇನೋ. ಯಾಕೆ ಎಂದು ತಿಳಿಯದೆಯೇ ಹೋಗಬೇಕಲ್ಲ, ಅದು ಆಕೆಯನ್ನು ಹಗಲೂ ರಾತ್ರಿ ತಿನ್ನುತ್ತಿತ್ತು.

ಅಂಥ ಹೊತ್ತಿನಲ್ಲೇ ಆಕೆಯ ಅತ್ತೆ ಬಿದ್ದರು. ಅತ್ತೆ ಬಟ್ಟೆ ಹೊಲಿಯುವವರು. ಅದೇ ಬಡಾವಣೆಯಲ್ಲಿ, ಮಗ ಸೊಸೆಯ ಮನೆಯಿಂದ ಎರಡು ಬೀದಿ ಆಚೆ, ಅಂಗಡಿಯ ಹಿಂದಿನ ಕೋಣೆಯಲ್ಲೇ ಇದ್ದರು. ಕರೆದರೂ ಬರುತ್ತಿರಲಿಲ್ಲ, ಹಟದ ಹೆಂಗಸು. ಬೆಳಿಗ್ಗೆ ಬಚ್ಚಲಲ್ಲಿ ಬಿದ್ದು ಮಣಿಕಟ್ಟು ಮುರಿಯಿತು. ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಹಾಕಿಸಿದ ಮೇಲೆ ನಾನೇ ಅತ್ತೆ ಸೊಸೆಯನ್ನು ಜೀಪಿನಲ್ಲಿ ಕರೆತಂದೆ.

"ಅತ್ತೆ, ಬೀಳೋ ಹೊತ್ತಿಗೆ ಕೈಯಲ್ಲಿ ಏನಿತ್ತು?"

"ಏನಿರುತ್ತೆ? ಬೆರಳಿದ್ವು."

"ಮ್ಯಾಟ್ ಮೇಲೇ ನಿಂತಿದ್ರಿ ತಾನೆ?"

"ನಿಂತಿದ್ದೆ ಕಣೆ. ಒಳ್ಳೇ ಪೊಲೀಸ್ ಥರ ಕೇಳ್ತೀಯಲ್ಲ!"

ಅಂಗಡಿ ತಲುಪಿದ್ದೇ ಹುಷಾರಮ್ಮ ನೆಟ್ಟಗೆ ಬಚ್ಚಲಿಗೆ ನಡೆದರು. ಹಿಂದೆಯೇ ನಾನೂ ಇಣುಕಿದೆ. ಸವೆದ ಕಲ್ಲುಹಾಸು ಒದ್ದೆಯಾಗಿ ಹೊಳೆಯುತ್ತಿತ್ತು. ಮ್ಯಾಟಿರಲಿಲ್ಲ.

"ಎಲ್ಲತ್ತೆ?"

ಅತ್ತೆಯ ಕಣ್ಣು ಬೀರುವಿನ ಕಡೆ ಹೋಯಿತು. ಹುಷಾರಮ್ಮ ಬಾಗಿಲು ತೆಗೆದರು. ಗಿರಾಕಿಗಳಿಗೆ ಹೊಲಿದು ಇಸ್ತ್ರಿ ಮಾಡಿಟ್ಟ ಬಟ್ಟೆಗಳ ಕೆಳಗೆ, ಮೆತ್ತನೆಯ ಬಿಳಿ ಬಟ್ಟೆಯಲ್ಲಿ ಸುತ್ತಿ, ಹಸಿರು ಮ್ಯಾಟು ಭದ್ರವಾಗಿತ್ತು. ಒಂದು ಹನಿ ನೀರೂ ಅದಕ್ಕೆ ತಾಗಿದ ಹಾಗಿರಲಿಲ್ಲ.

"ಮೊನ್ನೆ ನಾನು ಬಂದಾಗ ಬಚ್ಚಲಲ್ಲೇ ಇತ್ತಲ್ಲ!"

"ನೀನು ಬರ್ತೀನಿ ಅಂತ ಫೋನ್ ಮಾಡಿದ್ಯಲ್ಲ, ಹಾಸಿದ್ದೆ. ಆ ಕಾರ್ಯಕರ್ತೆಯರೂ ಹೇಳೇ ಬರ್ತಾರೆ."

"ಯಾಕತ್ತೆ ಹೀಗೆ ಮಾಡಿದ್ರಿ?"

ಅತ್ತೆ ಪ್ಲಾಸ್ಟರ್ ಕೈಯನ್ನು ಮಡಿಲಿಗೆ ಎಳೆದುಕೊಂಡರು. "ಜೀವಮಾನವೆಲ್ಲ ಊರೋರಿಗೆ ಹೊಸ ಬಟ್ಟೆ ಹೊಲಿದೆ. ನಂಗೆ ಅಂತ ಒಬ್ರು ಹೊಸದೊಂದು ತಂದ್ಕೊಟ್ಟಿದ್ದು ಇದೇ ಮೊದಲು. ಅದೂ ನೀನು. ಅದನ್ನ ಕಾಲಲ್ಲಿ ತುಳಿದು, ಸೋಪು ನೀರಲ್ಲಿ ಹಾಳು ಮಾಡ್ಲಾ?"

ಹುಷಾರಮ್ಮ ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟರು. ಆದರೆ ಆ ಹೆಂಗಸಿನ ಕುತೂಹಲ ಅಳುವಿನಲ್ಲೂ ಸುಮ್ಮನಿರುವಂಥದಲ್ಲ. ಮೂಗೊರೆಸಿಕೊಳ್ಳುತ್ತಾ ಕೇಳಿದರು, "ಪಕ್ಕದ ಮನೆಯೋರು?"

"ಅವಳದು ಟ್ರಂಕಲ್ಲಿದೆ. ಎದುರು ಮನೆ ಪೋಸ್ಟ್ ಮಾಸ್ಟರು ಗೋಡೆಗೆ ತೂಗ್ಹಾಕ್ಕೊಂಡಿದಾರೆ, ಚಿತ್ತಾರ ಚೆನ್ನಾಗಿದೆ ಅಂತ."

ಮಾರನೆಯ ದಿನ ಆಕೆ ಸಮಿತಿಯವರನ್ನೆಲ್ಲ ಹೊರಡಿಸಿಕೊಂಡು, ಯಾರಿಗೂ ಹೇಳದೆ, ಆ ಬಡಾವಣೆಗೆ ನುಗ್ಗಿದರು. ಮೇಲಧಿಕಾರಿಯನ್ನೂ ಬಿಡಲಿಲ್ಲ. ಮ್ಯಾಟುಗಳು ಹಾಸಿಗೆಯಡಿ ಸಿಕ್ಕವು, ಅಟ್ಟದ ಮೇಲೆ ಸಿಕ್ಕವು. ಒಬ್ಬ ಅಜ್ಜ ಊರಿಂದ ಬರುವ ಮಗಳಿಗೆ ಕೊಡಲೆಂದು ಕಾಗದ ಸುತ್ತಿ ಇಟ್ಟಿದ್ದ. ರಸ್ತೆ ಇಂಜಿನಿಯರು ತುಂಬ ಹೊತ್ತು ತಲೆ ಕೆರೆದುಕೊಂಡು, "ನೆಲಾನೇ ಒರಟು ಮಾಡಿಸಿದ್ರೆ? ಕಲ್ಲು ಕೆಲಸದೋರು ನಮ್ಮಲ್ಲಿದಾರೆ," ಎಂದರು. ನೀರಿನವರು ಬಚ್ಚಲ ಮೋರಿ ತಾವು ನೋಡಿಕೊಳ್ಳುತ್ತೇವೆಂದರು. ಮೇಲಧಿಕಾರಿ ಬೀಗದ ಮಾತು ಮತ್ತೆ ಎತ್ತಲಿಲ್ಲ.

ಮೊದಲ ಬಚ್ಚಲು ಅತ್ತೆಯದೇ. ಕಲ್ಲು ಕೆಲಸದವನು ಉಳಿ ಸುತ್ತಿಗೆ ಹಿಡಿದು ಹಾಸುಗಲ್ಲನ್ನೆಲ್ಲ ಒರಟು ಮಾಡಿ, ನೀರು ಸುರಿದು ತೋರಿಸಿದ. ಅತ್ತೆ ಬರಿಗಾಲಲ್ಲಿ ಒಂದು ಹೆಜ್ಜೆ ಇಟ್ಟರು, ಇನ್ನೊಂದು ಇಟ್ಟರು, ಅಂಗಾಲು ಉಜ್ಜಿ ನೋಡಿದರು. ಆದರೂ ಮುಖದ ದುಗುಡ ಹೋಗಲಿಲ್ಲ.

"ಇನ್ನೂ ಜಾರುತ್ತಾ ಅಮ್ಮಾ?" ಎಂದೆ.

"ಇಲ್ಲಪ್ಪ, ಚೆನ್ನಾಗಿದೆ." ಅತ್ತೆ ಸೊಸೆಯ ಕೈ ಹಿಡಿದುಕೊಂಡು ದನಿ ತಗ್ಗಿಸಿದರು. "ಹಂಗಾದ್ರೆ ಮ್ಯಾಟ್ ವಾಪಸ್ ತಗೊಂಡ್ಹೋಗ್ತೀರೇನೆ?"