ಡಿ ವಿಭಾಗದಲ್ಲಿದ್ದ ಅರ್ಜಿ

ಮಾನ್ಯ ಓದುಗರಲ್ಲಿ ವಿನಂತಿ. ನಾನು ಇದುವರೆಗೆ ಕಚೇರಿ ಪತ್ರಗಳ ಹೊರತು ಏನನ್ನೂ ಬರೆದವನಲ್ಲ. ಕಾಗುಣಿತದ ದೋಷಗಳನ್ನೂ ಅಂದವಿಲ್ಲದ ಕೈಬರಹವನ್ನೂ ಮನ್ನಿಸಬೇಕು.

೧೯೮೮ರಲ್ಲಿ ನಾನು ಸಾಗರದ ಒಂದು ಪುನರ್ವಸತಿ ಕಚೇರಿಯಲ್ಲಿ ಕಂಪ್ಯೂಟರ್ ಆಪರೇಟರ್ ಆಗಿದ್ದೆ. ಹೊಸನಗರದ ಕಡೆ ಅಣೆಕಟ್ಟಿನ ಹಿನ್ನೀರಿನಿಂದಾಗಿ ಮನೆ ಬಿಟ್ಟವರಿಗೆ ನಿವೇಶನ ಹಂಚುವುದು ನಮ್ಮ ಕೆಲಸ. ಅಕ್ಕಪಕ್ಕದಲ್ಲೇ ಬೇಕೆಂದು ಅರ್ಜಿ ಕೊಟ್ಟ ಬಂಧುಗಳಿಗೆ ಹಾಗೆಯೇ ಕೊಡಬೇಕು, ಉಳಿದವರಿಗೆ ಚೀಟಿ ಎತ್ತಬೇಕು ಎಂಬುದು ನಿಯಮ. ಈ ಅರ್ಜಿಗಳನ್ನು ಹಿಂದಿನ ಆಪರೇಟರ್ ಕಂಪ್ಯೂಟರಿನಲ್ಲಿ ದಾಖಲಿಸಿದ್ದರು. ಮೂಲ ಕಾಗದಗಳು ಮೇಲಿನ ಕಚೇರಿಗೆ ಹೋಗಿದ್ದವು.

ಒಂದು ದಿನ ಮಂಜಪ್ಪ ಎಂಬವರು ಕಣ್ಣು ಕಾಣದ ಅಣ್ಣ ತಿಮ್ಮಣ್ಣನವರ ಕೈ ಹಿಡಿದುಕೊಂಡು ಬಂದರು.

"ಇಬ್ರಿಗೂ ಅಕ್ಕಪಕ್ಕದಲ್ಲೇ ಬೇಕಂತ ಅರ್ಜಿ ಕೊಟ್ಟಿದ್ದೆ. ಒಂಚೂರು ನೋಡಿ ಸ್ವಾಮಿ" ಎಂದರು ಮಂಜಪ್ಪ.

ಡಿಸ್ಕಿನಲ್ಲಿರುವ ಕಡತಗಳ ಪಟ್ಟಿ ತೋರಿಸುವ ಡಿಐಆರ್ ಎಂಬ ಆದೇಶವನ್ನು ಟೈಪ್ ಮಾಡಿದೆ. ಹೊಸನಗರದ ಕಡತವೊಂದು ಸಿಕ್ಕಿತು. ಅದರಲ್ಲಿ ಅವರಿಬ್ಬರ ಹೆಸರೂ ಇರಲಿಲ್ಲ.

"ಕಂಪ್ಯೂಟರಿನಲ್ಲಿ ಇಲ್ಲ" ಎಂದೆ.

ತಿಮ್ಮಣ್ಣ ಕೈ ಬಿಡಿಸಿಕೊಂಡರು. "ಕುರುಡನ್ನ ಇನ್ನೆಷ್ಟು ದಿನ ಎಳ್ಕೊಂಡು ತಿರುಗೂದು ಅಂತ ಅರ್ಜಿನೇ ಕೊಡ್ದೆ ಬಿಟ್ಟೆ ಕಾಣ್ತದೆ. ಮಿಷನ್ನು ಸುಳ್ಳು ಹೇಳಿ ಅದಕ್ಕೆ ಎಂತ ಆಗ್ಬೇಕು?"

"ಹಂಗನ್ಬೇಡ ಅಣ್ಣಯ್ಯ" ಎಂದು ಮಂಜಪ್ಪ ಮತ್ತೆ ಅವರ ಕೈ ಹಿಡಿಯಹೋದರು. ಚೀಟಿಯಲ್ಲಿ ಮಂಜಪ್ಪನವರಿಗೆ ಸಾಗರದ ಬಳಿ, ಅಣ್ಣನಿಗೆ ತೀರ್ಥಹಳ್ಳಿಯ ಆಚೆ ನಿವೇಶನ ಬಂತು.

ಮರುವರ್ಷ ಡಿಸ್ಕ್ ತುಂಬಿದೆಯೆಂಬ ಸೂಚನೆ ಬರಲು, ಚೆಕ್‌ಡಿಸ್ಕ್ ಎಂಬ ಆದೇಶದಿಂದ ಅದರ ಅಳತೆ ನೋಡಿದೆ. ಮೂವತ್ತೆರಡು ಮೆಗಾಬೈಟ್ ಎಂದು ತೋರಿಸಿತು. ಖರೀದಿ ಕಾಗದದಲ್ಲಿ ನಲವತ್ತು ಎಂದಿತ್ತು. ಉಳಿದ ಎಂಟು ಎಲ್ಲಿ ಹೋಯಿತೆಂದು ಕೈಪಿಡಿ ನೋಡಿದಾಗ ಗೊತ್ತಾಯಿತು. ಆಗೆಲ್ಲ ಒಂದೇ ಡಿಸ್ಕನ್ನು ಸಿ ಮತ್ತು ಡಿ ಎಂದು ಎರಡು ವಿಭಾಗ ಮಾಡುತ್ತಿದ್ದರು. ಸಿ ವಿಭಾಗದಲ್ಲಿ ಪಟ್ಟಿ ಕೇಳಿದರೆ ಡಿ ವಿಭಾಗದ್ದು ಕಾಣುತ್ತಿರಲಿಲ್ಲ. ಇದನ್ನು ನನಗೆ ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಡಿ ವಿಭಾಗದ ಪಟ್ಟಿ ತೆರೆದೆ. ಹೊಸನಗರದ ಎರಡನೆಯ ಕಡತ ಅಲ್ಲಿತ್ತು. ಮಂಜಪ್ಪನವರ ಹೆಸರಿನ ಮುಂದೆ ಷರಾ ಇತ್ತು: ಅಣ್ಣನಿಗೆ ದೃಷ್ಟಿಯಿಲ್ಲ, ಪಕ್ಕದ ನಿವೇಶನವನ್ನೇ ಕೋರಿದ್ದಾರೆ.

ಅದನ್ನು ಮುದ್ರಿಸಿಕೊಂಡು ತೀರ್ಥಹಳ್ಳಿಯ ಬಸ್ಸು ಹತ್ತಿದೆ. ತಿಮ್ಮಣ್ಣನವರಿಗೆ ಓದಿ ಹೇಳಿ, ತಪ್ಪು ನನ್ನದೆಂದೆ.

"ಇನ್ನೊಂದ್ಸಲ ಓದಿ" ಎಂದರು. ಓದಿದೆ.

"ತಮ್ಮ ಮೂರು ಸಲ ಬಂದಿದ್ದ. ಬಾಗ್ಲು ತೆಗೀಬೇಡ ಅಂತ ಮಗಳಿಗೆ ಹೇಳಿದ್ದೆ. ಆಮೇಲೆ ಜ್ವರ ಬಂದು ತೀರ್ಕೊಂಡ. ಮಣ್ಣಿಗೂ ನಾನು ಹೋಗ್ಲಿಲ್ಲ ಮಾರಾಯ್ರೆ."

ಹಾಳೆಯನ್ನು ಕೇಳಿ ಪಡೆದು ಬೆರಳಿನಿಂದ ತಡವಿದರು. "ಅವ್ನ ಹೆಸ್ರು ಎಲ್ಲಿ ಅಂದ್ರಿ?"

ನಾನು ಅವರ ಬೆರಳನ್ನು ಅಲ್ಲಿಗೆ ತಂದಿಟ್ಟೆ.

ಇಲ್ಲ ಎಂದು ಹೇಳುವ ಮುನ್ನ ಎಲ್ಲೆಲ್ಲಿ ನೋಡಿದೆ ಎಂಬುದನ್ನು ಹೇಳಬೇಕೆಂದು ಈ ವೃತ್ತಿ ನನಗೆ ಕಲಿಸಿತು. ನಿವೃತ್ತಿಯವರೆಗೂ ಅರ್ಜಿದಾರರಿಗೆ ಕೊಡುವ ಪ್ರತಿ ಹಿಂಬರಹದಲ್ಲಿ ಹಾಗೆಯೇ ಬರೆದೆ. ಈ ಬರಹದಲ್ಲಿ ತಪ್ಪುಗಳು ಕಂಡುಬಂದಲ್ಲಿ ದಯಮಾಡಿ ತಿದ್ದಬೇಕಾಗಿ ಕೋರುತ್ತೇನೆ.