ಹೇಳದ ಹೆಸರು

ಠಣ್ ಠಣ್ ಎಂದು ಮೆಟ್ಟಿಲಿಂದ ಮೆಟ್ಟಿಲಿಗೆ ಉರುಳಿ ಬಂದ ಆ ತಾಮ್ರದ ಕೊಡದ ಸದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. ಊರಿಗೆಲ್ಲ ಪ್ಲಾಸ್ಟಿಕ್ ಕೊಡ ಬಂದಿದ್ದ ತೊಂಬತ್ತರ ದಶಕದಲ್ಲೂ ತಾಮ್ರವನ್ನೇ ಸೊಂಟದ ಮೇಲೆ ಹೊರುತ್ತಿದ್ದವಳು ಪಕ್ಕದ ಮನೆಯ ಗಂಗಮ್ಮ. ಅಂದು ಕೊಟ್ಟೂರಿನ ನಮ್ಮ ಓಣಿಯ ನಲ್ಲಿಕಟ್ಟೆಯ ಪಾಚಿಗೆ ಜಾರಿ, ತಲೆ ಕಲ್ಲಿಗೆ ಬಡಿದು, ಗಳಿಗೆ ಹೊತ್ತು ಕಣ್ಣು ಮುಚ್ಚಿ, ಆಮೇಲೆ ತಾನೇ ಎದ್ದು ಕೂತಳು. ಅವಳ ಗಂಡನೂ ನಾನೂ ಆಸ್ಪತ್ರೆಗೆ ಕರೆದೊಯ್ದೆವು.

"ಮೈಲ್ಡ್ ಇಂಜುರಿ, ಮೆಮರಿ ಟೆಸ್ಟ್ ಮಾಡೋಣ" ಎಂದರು, ಬೇರೆ ಸೀಮೆಯಿಂದ ಬಂದ ಯುವ ಡಾಕ್ಟರು. ಮೈಲ್ಡ್! ನಾನು ಓದಿದ ಕಾನ್ವೆಂಟಿನ ಸಿಸ್ಟರ್‌ಗಳು ಚಹಾಕ್ಕೂ ಚಳಿಗೂ ಬಳಸುತ್ತಿದ್ದ ಸಾಧು ಶಬ್ದ. ಸೂಜಿ, ಮಾವು, ಗಾಡಿ ಎಂದು ಹೇಳಿಕೊಟ್ಟು, ತುಸು ಹೊತ್ತು ಬಿಟ್ಟು ಕೇಳಿದರು, ಹೇಳಿದಳು. ಇವತ್ತು ಯಾವ ವಾರ ಎಂದು ಕೇಳಿದರು, ಹೇಳಿದಳು. "ಗಂಡನ ಹೆಸರು?" ಗಂಗಮ್ಮ ಸೆರಗನ್ನು ಬಾಯಿಗೊತ್ತಿ ತಲೆ ತಗ್ಗಿಸಿದಳು.

"ಅಯ್ಯ ಸರ, ನಮ್ಮ ಕಡಿ ಹೆಣ್ಮಕ್ಳು ಗಂಡನ ಹೆಸರು ಹೇಳಂಗಿಲ್ರಿ" ಎಂದು ನರ್ಸಮ್ಮ ನಕ್ಕಳು. "ಬೇಕಂದ್ರ ಇನ್ನೊಮ್ಮೆ ಮದುವಿ ಮಾಡಿ ಒಡಪಿನ್ಯಾಗ ಹೆಸರು ಹೇಳಸ್ರಿ!"

ಬಾಗಿಲಲ್ಲಿ ನಿಂತ ಗಂಡನೂ ನಕ್ಕ, ನಾನೂ ನಕ್ಕೆ. "ಪಾಸ್" ಎಂದರು ಡಾಕ್ಟರು.

ಗಂಡ ಆಟೋ ತರಲು ಹೋದಾಗ ಪಡಸಾಲೆಯಲ್ಲಿ ಗಂಗಮ್ಮ ನನ್ನ ಮುಂಗೈ ಹಿಡಿದಳು.

"ಅಕ್ಕಾರ, ಮನಿಗೆ ಹೋಗೂಣು ಅಂತಾನಲ್ಲ, ಆ ಮನಷ್ಯಾ ಯಾರ್ರಿ?"

ನಾನು ಕೈ ಕೊಡವಿದೆ. "ಚಾಷ್ಟಿ ಮಾಡಬ್ಯಾಡಲೇ. ಒಳಗ ಹೆಸರು ಕೇಳಿದ್ರ ನಾಚಿಕೊಂಡು ನಕ್ಕೆಲ್ಲ?"

"ಎಲ್ಲಾರೂ ನಕ್ರಿ. ನಾನೂ ನಕ್ಕೆ."

ಓದುವ ಗೆಳತಿ, ಅಂದಿನಿಂದ ನನಗೊಂದು ದಿಗಿಲು ಉಳಿದಿದೆ: ಬಲ್ಲವಳ ಮೌನಕ್ಕೂ ಮರೆತವಳ ಮೌನಕ್ಕೂ ನಾವು ಒಂದೇ ಸೆರಗು ಹೊದಿಸಿಬಿಟ್ಟಿದ್ದೆವಲ್ಲ! ಡಾಕ್ಟರರ ಬಳಿ ಓಡಿದೆ. ಅವರೂ ಬೆಚ್ಚಿ, ಅವಳನ್ನು ಅಲ್ಲೇ ಉಳಿಸಿಕೊಂಡರು. ಮರುದಿನ ಮಧ್ಯಾಹ್ನ ಬುತ್ತಿ ಹಿಡಿದು ಬಂದ ಗಂಡನನ್ನು ನೋಡಿ ಅವಳು, "ನೀವು ಉಂಡು ಬಂದ್ರೋ, ಹಂಗಾ ಬಂದ್ರೋ?" ಎಂದು ಗದರಿದಾಗ, ಆತ ಬುತ್ತಿಯನ್ನೂ ಇಳಿಸದೆ ನೆಲದ ಮೇಲೆ ಕುಸಿದು ಕೂತ. ಬಿದ್ದ ಹೊತ್ತಿನಿಂದ ಆ ಹೊತ್ತಿನವರೆಗೆ ಗಡಿಯಾರ ನೋಡಿ ಡಾಕ್ಟರು ಮರೆವಿನ ಉದ್ದ ಅಳೆದರು. ಅದರ ಆಳಕ್ಕೆ ಅವರ ಬಳಿ ಅಳತೆಗೋಲಿರಲಿಲ್ಲ.

ಮನೆಗೆ ಬಂದವಳು ಗಂಡನನ್ನು ಹೆಸರು ಹಿಡಿದೇ ಕರೆಯತೊಡಗಿದಳು. "ಗಂಡನ ಆಯುಷ್ಯ ಕಡಿಮಿ ಆಗ್ತೈತಿ, ನಾಚಿಗ್ಗೇಡಿ!" ಎಂದು ಅತ್ತೆ ಬೈದರೆ, "ಮರತ್ರ ಏನು ಕಡಿಮಿ ಆಗ್ತೈತಿ ಅಂತ ನನಗ ಗೊತ್ತೈತಿ, ಅತ್ತಿ" ಎಂದಳು.

ಅವಳನ್ನು ನಾನು ಕೊನೆಯ ಸಲ ಕಂಡದ್ದು ನಮ್ಮೂರ ಬಸ್ ಸ್ಟ್ಯಾಂಡಿನಲ್ಲಿ. ಹಡಗಲಿಯ ಬಸ್ಸು ಹೊರಟಿತ್ತು; ಬಾಳೆಹಣ್ಣು ಕೊಳ್ಳುತ್ತ ನಿಂತಿದ್ದ ಗಂಡನಿಗೆ ಕಿಟಕಿಯಿಂದ, "ಕೊಟ್ರಪ್ಪಾ!" ಎಂದು ಕೂಗಿದಳು. ಊರದೇವರ ಹೆಸರದು, ಈ ಊರಲ್ಲಿ ಅದಕ್ಕೆ ಬರವೇ? ನಾಲ್ಕೈದು ಗಂಡಸರು ಗಕ್ಕನೆ ತಿರುಗಿದರು. ಅವಳ ಕಣ್ಣು ಅವರನ್ನೆಲ್ಲ ದಾಟಿ ಒಬ್ಬನ ಮೇಲೆ ಹೋಗಿ ನಿಂತಿತು.