ಹತ್ತು ಕೇಜಿ ಕಬ್ಬಿಣ, ಒಂದು ನಮಸ್ಕಾರ

ನಾನು ನಿಂತಿದ್ದದ್ದು ಮೊದಲ ಬೆಂಚಿನ ಕಿಟಕಿ ಕಡೆಯ ತುದಿಯಲ್ಲಿ. ಸೋಮವಾರ, ಬೆಳಗಿನ ಎರಡನೇ ಪಿರಿಯಡ್. ಬಳ್ಳಾರಿಯಲ್ಲಿ ನಾನೂ ನನ್ನ ಗೆಳೆಯನೂ ವಿಶ್ವವಿದ್ಯಾಲಯದ ಮೊದಲ ವರ್ಷದವರಿಗೆ ಭೌತಶಾಸ್ತ್ರ ಕಲಿಸುತ್ತಿದ್ದೆವು. ಅಂದಿನ ಪಾಠ ಅವನದು, ನಾನು ನೋಡಲು ಹೋಗಿದ್ದೆ. ನನಗೂ ಅವನಿಗೂ ನಡುವೆ ಏನೂ ಅಡ್ಡ ಇರಲಿಲ್ಲ.

ಮುಂದಿನ ಎರಡು ಸಾಲು ಬೆಂಚು ಖಾಲಿ ಮಾಡಿಸಿ, ಫ್ಯಾನಿನ ಕೊಕ್ಕೆಗೆ ಹಗ್ಗ ಕಟ್ಟಿ, ಸಿರುಗುಪ್ಪದ ಅಕ್ಕಿ ಗಿರಣಿಯಿಂದ ತಂದ ಹತ್ತು ಕೇಜಿಯ ತೂಕದ ಕಲ್ಲನ್ನು ತೂಗುಬಿಟ್ಟಿದ್ದ. ಕಲ್ಲು ಎನ್ನುತ್ತಾರೆ, ಅದು ಕಬ್ಬಿಣ. ಅವನು ಬೋರ್ಡಿಗೆ ತಲೆ ಆನಿಸಿ ನಿಂತ. ಸಿರಿಗೇರಿಯ ವಿದ್ಯಾರ್ಥಿನಿಯೊಬ್ಬಳು ಕಲ್ಲನ್ನು ಅವನ ಮೂಗಿನವರೆಗೆ ಎಳೆದು ಹಿಡಿದಳು. ಕೈಬಿಟ್ಟರೆ ಅದು ದೂರ ಹೋಗಿ ಮರಳುತ್ತದೆ. ಬಿಟ್ಟ ಎತ್ತರಕ್ಕಿಂತ ಮೇಲೇರಲಾರದು, ಆದ್ದರಿಂದ ಮೂಗಿಗೆ ತಾಗದು. ನಿಂತವನು ಮುಂದೆ ಬಾಗಬಾರದು, ಅಷ್ಟೆ.

“ನೂಕಬ್ಯಾಡಮ್ಮಾ, ಸುಮ್ನ ಬಿಡು.”

“ತಾಗಿದ್ರ ನನ್ನ ಇಂಟರ್ನಲ್ ಮಾರ್ಕ್ಸ್ ಹೆಂಗ್ರಿ ಸರ್?”

“ಮೂಗು ಹೋದ್ರೂ ಕೈ ಇರತೈತಿ. ಹಾಕ್ತೀನಿ.”

ಅವಳು ಬಿಟ್ಟು ಪಕ್ಕಕ್ಕೆ ಸರಿದಳು. ಅದೇ ಹೊತ್ತಿಗೆ ಬೋರ್ಡಿನ ಪಕ್ಕದ ಬಾಗಿಲು ತೆರೆಯಿತು. ಬಂದವರು ಕುರುಗೋಡಿನ ನಮ್ಮ ಮೇಷ್ಟ್ರು. ನಮ್ಮಿಬ್ಬರಿಗೂ ಕಾಲೇಜಿನಲ್ಲಿ ಇದೇ ಪಾಠ ಹೇಳಿದವರು. ಒಂದು ದಿನ ಬರುತ್ತೇನೆ ಎಂದಿದ್ದರು, ಯಾವ ದಿನ ಎಂದಿರಲಿಲ್ಲ. ತರಗತಿ ಎದ್ದು ನಿಂತು ಬಾಗಿಲ ಕಡೆ ತಿರುಗಿತು.

ಕಲಿಸಿದವರು ಎದುರಿಗೆ ಬಂದರೆ ನಮ್ಮಲ್ಲಿ ಮೊದಲು ಮೈ ಬಾಗುತ್ತದೆ. ಮೇಷ್ಟ್ರು ಅವನಿಂದ ಒಂದು ಹೆಜ್ಜೆ ಆಚೆ, ಕಲ್ಲಿನ ದಾರಿಗೆ ಓರೆಯಾಗಿ ನಿಂತಿದ್ದರು. ಗೆಳೆಯ ಕೈಮುಗಿದು ಮುಂದೆ ಬಾಗಿದ. ಕಲ್ಲು ಆಗಲೇ ಮರಳುತ್ತಿತ್ತು.  ಅವನು ಕೈಮುಗಿದಷ್ಟಕ್ಕೇ ನಿಂತಿದ್ದರೆ ಅದು ಹಣೆಗೆ ಬಡಿಯುತ್ತಿತ್ತು. ನಿಲ್ಲಲಿಲ್ಲ. ಇನ್ನೂ ಬಾಗಿ ಪಾದ ಮುಟ್ಟಿದ. ಕಲ್ಲು ಅವನ ಬೆನ್ನ ಮೇಲೆ ಹಾದು, ಬೋರ್ಡಿನ ಮುಂದೆ ಒಂದು ಕ್ಷಣ ನಿಂತು, ಹಿಂದಕ್ಕೆ ಹೋಯಿತು. ಅವನ ಅಂಗಿ ಅಲುಗಿದ್ದು ನನಗೆ ಕಾಣಿಸಿತು.

ಅವನು ಏಳಹೋದ. ಮೇಷ್ಟ್ರು ಅವನ ತಲೆಯ ಮೇಲೆ ಅಂಗೈ ಇಟ್ಟು ಒತ್ತಿ ಹಿಡಿದರು.

“ಏಳಬ್ಯಾಡಲೇ.”

“ಆಶೀರ್ವಾದ ಆತಲ್ರಿ ಸರ್.”

“ಇನ್ನೂ ಮುಗಿದಿಲ್ಲ.”

ಕಲ್ಲು ಮತ್ತೆ ಬಂತು, ಹೋಯಿತು. ಆಮೇಲೆ ನಾನು ಹೋಗಿ ಹಗ್ಗ ಹಿಡಿದು ನಿಲ್ಲಿಸಿದೆ. ಮೇಷ್ಟ್ರು ಕೈ ತೆಗೆದರು. “ಹ್ಞಾಂ, ಪಾಠ ಮುಂದುವರಿಸು,” ಎಂದು ಖಾಲಿ ಬೆಂಚಿನಲ್ಲಿ ಕೂತರು.  

ಬೆಂಚುಗಳಲ್ಲಿದ್ದವರು ನೋಡಿದ್ದು ಬಾಗಿಲನ್ನು, ಕಲ್ಲನ್ನಲ್ಲ. ಗೆಳೆಯ ಈಗಲೂ ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿದ್ದಾನೆ, ಮೂಗು ನೆಟ್ಟಗಿದೆ. ಅವನು ನೋಡಿದ್ದು ಮೇಷ್ಟ್ರ ಪಾದ ಮಾತ್ರ, ಹಾಗಾಗಿ ನಾನು ಹೇಳುವುದು ಜಾಸ್ತಿ ಎನ್ನುತ್ತಾನೆ. ಮೇಷ್ಟ್ರು ಹೋದ ವರ್ಷ ಕುರುಗೋಡಿನಲ್ಲಿ ತೀರಿಕೊಂಡರು. ಕಲ್ಲನ್ನು ನೋಡಿದವರಲ್ಲಿ ಈಗ ಬದುಕಿರುವವರು ನಾನು, ಮತ್ತೆ ಅದನ್ನು ಕೈಬಿಟ್ಟ ಸಿರಿಗೇರಿಯ ಆ ವಿದ್ಯಾರ್ಥಿನಿ. ಅವಳೀಗ ಸಿರುಗುಪ್ಪದಲ್ಲಿ ಭೌತಶಾಸ್ತ್ರ ಕಲಿಸುತ್ತಾಳೆ. ಈ ಪಾಠದ ದಿನ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕುತ್ತಾಳೆ.